ಜೋಡಿ ವೈರಿನ ಪರೀಕ್ಷೆ

ನವೆಂಬರ್ ೧೮, ಮಂಗಳವಾರ

ಮನಸ್ಸು ಕಹಿಯಾಗಿದೆ. ಸಂಜೆ ಒಂದೊಂದು ಸ್ಪೀಕರಿಗೂ ಒಂದರ ಬದಲು ಎರಡೆರಡು ವೈರ್ ಎಳೆದೆ, ತೆಳು ದನಿಗೆ ಒಂದು, ದಪ್ಪ ದನಿಗೆ ಇನ್ನೊಂದು. ವ್ಯತ್ಯಾಸ ನನ್ನ ಕಿವಿಗೇ ಗೊತ್ತಾಗಲಿಲ್ಲ. ಅದಕ್ಕೇ ಹೆಂಡತಿಯನ್ನು ಕರೆದು ಸೋಫಾದ ಮೇಲೆ ಕೂರಿಸಿ ಒಂದು ಹಾಡು ಕೇಳಿಸಿದೆ. ಆಮೇಲೆ ಸ್ಪೀಕರಿನ ಹಿಂದೆ ಬಗ್ಗಿ, ಏನನ್ನೂ ಮುಟ್ಟದೆ ಎದ್ದು, ಅದೇ ಹಾಡನ್ನು ಮತ್ತೆ ಹಾಕಿದೆ.

“ಹಾಂ, ಈಗ ಎಷ್ಟು ಚೆನ್ನಾಗಿದೆ ರೀ! ಎಲ್ಲಾ ಬಿಡಿಬಿಡಿಯಾಗಿ ಕೇಳಿಸ್ತಿದೆ,” ಎಂದಳು.

“ನಾನು ಏನೂ ಬದಲಾಯಿಸೇ ಇಲ್ಲ ಕಣೇ.”

ಅವಳು ಕಕ್ಕಾಬಿಕ್ಕಿಯಾಗಲಿಲ್ಲ. “ಚೆನ್ನಾಗಿಲ್ಲ ಅಂದಿದ್ರೆ ವಾರವೆಲ್ಲಾ ಮುಖ ಊದಿಸ್ಕೊಂಡಿರ್ತಿದ್ರಿ. ನಿಮಗೆ ಹೂಂ ಅಂದ್ರೆ ಸಾಕಲ್ಲ,” ಎಂದು ಒಣಗಿದ ಬಟ್ಟೆ ಮಡಚಲು ಹೋದಳು.

ವೈರ್ ಹಾಳಾಗಲಿ. ಹೋದ ವರ್ಷ ಬೇರೆ ಊರಿನ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. “ನಂಗೇ ಹೋಗೋಕೆ ಇಷ್ಟ ಇಲ್ಲ ರೀ,” ಎಂದಿದ್ದಳು. ನಾನು ನಂಬಿ, ಅವಳೇ ಬೇಡ ಎಂದಳೆಂದು ನೆಂಟರೆದುರು ಬೀಗಿದ್ದೆ.

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಎಬ್ಬಿಸಿ ಕೇಳಬಹುದು. ಕೇಳಿದರೆ, ನಿಜವಾಗಲೂ ಇಷ್ಟ ಇರಲಿಲ್ಲ ಎನ್ನುತ್ತಾಳೆ. ಅದನ್ನು ಎಷ್ಟು ನಂಬುವ ಹಾಗೆ ಹೇಳುತ್ತಾಳೆ ಎಂದರೆ, ನಾನು ಮತ್ತೆ ನಂಬಿಬಿಡುತ್ತೇನೆ.