ಸರದಿಯ ಮಳೆ

ಸಲಾಲಾ
೧೪ ಆಗಸ್ಟ್ ೧೯೯೭

ಪ್ರೀತಿಯ ನಸ್ರಕ್ಕನಿಗೆ ಸಲಾಂ.

ತಲುಪಿದ ದಿನವೇ ಬರೆಯುತ್ತೇನೆ ಎಂದಿದ್ದೆ, ಒಂಬತ್ತು ದಿನ ಕಳೆಯಿತು. ಇಲ್ಲಿ ಕಾಗದವೂ ಒದ್ದೆ, ಶಾಯಿ ಹರಡುತ್ತದೆ ಎಂದು ನೆಪ ಹೇಳಬಹುದು. ಸೋಮಾರಿತನ ಎಂದರೂ ನಡೆದೀತು. ಕ್ಷಮಿಸು.

ಮಳೆ ಹಾಗೆಯೇ ಇದೆ. ಸದ್ದಿಲ್ಲ, ಹಿಟ್ಟು ಜರಡಿ ಹಿಡಿದಂತೆ ಬೆಳಗಿನಿಂದ ಇಳಿಯುತ್ತಲೇ ಇರುತ್ತದೆ. ಅಲೆಗಳು ಮನೆಯೆತ್ತರ, ಕಡಲಿಗೆ ಯಾರೂ ಇಳಿಯುವಂತಿಲ್ಲ. ದಂಡೆಯಲ್ಲಿ ಚಾಪೆ ಹಾಸಿ, ಫ್ಲಾಸ್ಕಿನ ಚಹಾ ಕುಡಿಯುತ್ತ ಸುಮ್ಮನೆ ನೆನೆಯುತ್ತೇವೆ. ಸುತ್ತ ದುಬೈ, ರಿಯಾದಿನ ಸಂಸಾರಗಳೂ ಅದೇ ಕೆಲಸದಲ್ಲಿವೆ. ಒಗೆದ ಬಟ್ಟೆ ಮೂರು ದಿನದಿಂದ ಒಣಗಿಲ್ಲ. ಯಾರೂ ದೂರುವುದಿಲ್ಲ.

ನಿನ್ನ ಸೊಸೆ ಅಸೀಲಾ ಮೊನ್ನೆ ಕೊಡೆ ಬಿಚ್ಚಿದಳು. ನಿನ್ನ ಮಗ ಯಾರುಬ್ ಬಿಡುತ್ತಾನೆಯೇ? "ಮಳೇಲಿ ನೆನೀಬೇಕು ಅಂತ ಹತ್ತು ಗಂಟೆ ಮರಳಲ್ಲಿ ಬಂದು ಈಗ ತಲೆ ಮುಚ್ಕೋತೀಯಾ? ಊರಲ್ಲಿ ಹೇಳ್ಬೇಡ ಮಾರಾಯ್ತಿ, ಮಾನ ಹೋಗತ್ತೆ!" ಎಂದ. "ನಿಮ್ಮ ಮಾನ ನೆನೆದ್ರೂ ಒಣಗತ್ತೆ, ನನ್ನ ಕೂದಲು ಒಣಗಲ್ಲ," ಎಂದಳು ಅವಳು. ಪಕ್ಕದ ಚಾಪೆಯವರೂ ನಕ್ಕರು. ಅವನು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ. "ಚಿಕ್ಕಮ್ಮ, ಅಮ್ಮ ಯಾಕೆ ಬರಲಿಲ್ಲ?" ಎಂದು ದಿನಕ್ಕೊಮ್ಮೆ ಕೇಳುತ್ತಾನೆ, ಅಷ್ಟೇ.

ನೀನು ಹೇಳಿದ್ದನ್ನು ಅವನಿಗೆ ಹೇಳಲಾರೆ. "ನನ್ನ ಸರದಿ ಹೋದ ವರ್ಷವೇ ಹೋಯ್ತು ರಯ್ಯಾ. ಗಂಡ ಕೊಡದೇ ಇದ್ದದ್ದನ್ನ ಮಗ ಕೊಡೋದೇನು?" ಎಂದೆಯಲ್ಲ ನೀನು. ಊರ ಕಾಲುವೆಯ ನೀರನ್ನು ಗಳಿಗೆ ಎಣಿಸಿ ತೋಟಗಳಿಗೆ ಬಿಡುತ್ತಿದ್ದ ನಮ್ಮ ಯಜಮಾನರು ಖಲ್ಫಾನ್ ಹೆಂಡಿರಿಬ್ಬರನ್ನೂ ಹಾಗೆಯೇ ಎಣಿಸಿದವರು. ಇಲ್ಲಿಗೆ ಕರೆತರುವಾಗ ಒಂದು ವರ್ಷದ ಮಳೆ ನಿನಗೆ, ಮರುವರ್ಷದ್ದು ನನಗೆ. ಹದಿಮೂರು ವರ್ಷ ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ. ತಪ್ಪಿದ ಸರದಿ ಹಿಂದಕ್ಕೆ ಬರುವುದಿಲ್ಲ ಎಂಬುದು ಅವರದೇ ಮಾತು.

ಇಲ್ಲಿ ನಮಗೆ ಮನೆ ಬಾಡಿಗೆಗೆ ಕೊಡುವ ಉಮ್ಮ್ ಬಖೀತ್, ಖಲ್ಫಾನ್ ತೀರಿಕೊಂಡ ಸುದ್ದಿ ಕೇಳಿ ಅತ್ತಳು. ಕಣ್ಣೊರೆಸಿಕೊಂಡು, "ಆಚೆ ವರ್ಷ ನೀವೇ, ಹೋದ ವರ್ಷವೂ ನೀವೇ, ಈಗ ಮತ್ತೆ ನೀವೇ! ದೊಡ್ಡಮ್ಮ ಎಲ್ಲಿ? ಅಂಥ ಲೆಕ್ಕದ ಮನುಷ್ಯ ಹೇಗ್ರೀ ತಪ್ಪಿದ್ರು?" ಎಂದಳು. ನಾನು ಎಳನೀರು ಕುಡಿಯುತ್ತ ಕೂತೆ.

ಮೇಕೆಗಳು ಹೇಗಿವೆ? ನಿನಗೆ ಒಳ್ಳೆಯ ಲೋಬಾನ ತೆಗೆದಿಟ್ಟಿದ್ದೇನೆ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಡಲಿ, ನಮ್ಮವರ ಗೋರಿಯ ಮೇಲೆ ಅವನ ಕರುಣೆ ಇರಲಿ.

ನಿನ್ನ ತಂಗಿಯಂಥ ಸವತಿ,
ರಯ್ಯಾ

ತಾ.ಕ.: ಲಕೋಟೆ ಅಂಟಿಸಿದ್ದೆ. ಈ ತೇವಕ್ಕೆ ತಾನೇ ಬಿಚ್ಚಿಕೊಂಡಿತು. ಹಾಗಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ನಿನ್ನ ಸರದಿ ತಪ್ಪಿಸಿದ್ದು ಅವರಲ್ಲ, ನಾನು. "ಅಕ್ಕನಿಗೆ ಮಂಡಿನೋವು, ಬರಲ್ವಂತೆ, ನಿಮಗೆ ಹೇಳೋಕೆ ಸಂಕೋಚ," ಎಂದು ಅವರಿಗೆ ಹೇಳಿದೆ. "ಈ ಸಲವೂ ನನ್ನನ್ನೇ ಕರ್ಕೊಂಡು ಹೋಗ್ತಾರಂತೆ, ಕೇಳ್ಬೇಡ, ಸಿಟ್ಟಾಗ್ತಾರೆ," ಎಂದು ನಿನಗೆ ಹೇಳಿದೆ. ನೀನು ಕೇಳಲಿಲ್ಲ, ಅವರೂ ಕೇಳಲಿಲ್ಲ. ನೀವಿಬ್ಬರೂ ಕೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಅವರು ಸಾಯುವವರೆಗೆ ನೀನು ಅವರಿಗೆ ಬಡಿಸಿದೆ, ಮಾತಾಡಲಿಲ್ಲ. ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಒಂದೇ ಕೋಣೆಯಲ್ಲಿ ನಿನ್ನ ಜೊತೆ ಸೂತಕ ಕೂತೆ. ಆಗಲೂ ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಗುತ್ತದೆ, ಅಕ್ಕ.

ಹೋದ ವರ್ಷ ಇದೇ ದಂಡೆಯಲ್ಲಿ ಅವರು, "ನಸ್ರಾ ಇದ್ದಿದ್ರೆ ಇಷ್ಟೊತ್ತಿಗೆ ಕಾಲು ಚಾಚಿ ಮಳೆಗೆ ಕೊಟ್ಟಿರ್ತಿದ್ಲು. ಮಂಡಿ ವಾಸಿಯಾಗ್ಲಿ. ಮುಂದಿನ ವರ್ಷದ್ದು ನಿನ್ನದಾದ್ರೂ ಅವಳಿಗೆ ಕೊಡ್ತೀನಿ," ಎಂದರು. ಅವರು ಲೆಕ್ಕ ಮುರಿದದ್ದು ಅದೊಂದೇ ಸಲ.

ಯಾರುಬ್ ತಿಂಗಳ ಕೊನೆಯವರೆಗೆ ಇಲ್ಲಿರುತ್ತಾನೆ. ನೀನು ಬುಧವಾರದ ಬಸ್ಸಿಗೆ ಹೊರಡು. ನಾನೂ ಅದೇ ದಿನ ಇಲ್ಲಿಂದ ಬಸ್ಸು ಹಿಡಿದು ಬಂದು ಮೇಕೆಗಳನ್ನು ನೋಡಿಕೊಳ್ಳುತ್ತೇನೆ, ನೀನು ನನ್ನ ಮುಖ ನೋಡಬೇಕಾಗಿಲ್ಲ.