ಹೊಸ್ತಿಲು ದಾಟದ ಗಿಲಕಿ

ಮಧುಗಿರಿ
9-12-2024, ಸೋಮವಾರ

ಚಿ. ಸೌ. ಶೃತಿಗೆ ನಿನ್ನ ತಾಯಿಯ ಆಶೀರ್ವಾದ. ಕೂಸಿಗೂ.

ಫೋನ್ ಇರುವಾಗ ಪತ್ರವೇಕೆ ಎನ್ನಬೇಡ. ನಾನು ಫೋನ್ ಮಾಡಿದರೆ ನಿಮ್ಮತ್ತೆ ಪಕ್ಕದಲ್ಲೇ ಇರುತ್ತಾರೆ, ನಿನ್ನ ಬಾಯಿಂದ ಹೂಂ, ಊಹೂಂ ಬಿಟ್ಟು ಬೇರೆ ಬರುವುದಿಲ್ಲ. ಅಳಿಯಂದಿರು ಇವತ್ತು ಜಮೀನಿನ ಕೆಲಸವೆಂದು ಇಲ್ಲಿನ ಕಚೇರಿಗೆ ಬಂದಿದ್ದಾರೆ. ವಳ್ಳೂರಿಗೆ ಹಿಂದಿರುಗುವಾಗ ಪೆದ್ದಣ್ಣನ ಅಂಗಡಿಯಿಂದ ಒಂದು ಚೀಲ ತರುತ್ತಾರೆ. ಕೂಸಿಗೆ ಬೇಕಾದ ಸಾಮಾನು. ಈ ಪತ್ರವನ್ನು ಬೇರೆಯಾಗಿ ಅವರ ಕೈಗೆ ಕೊಡುತ್ತೇನೆ. ಅಂಗಡಿಯ ಸ್ಟೂಲಿನ ಮೇಲೆ ಕೂತೇ ಬರೆಯುತ್ತಿದ್ದೇನೆ, ಕಾಗದವೂ ಪೆದ್ದಣ್ಣನದೇ. ನಮ್ಮ ಮನೆಯ ಹೊಸ್ತಿಲು ದಾಟಿದ ಒಂದು ನೂಲೂ ಆ ಚೀಲದಲ್ಲಿಲ್ಲ. ನಿಮ್ಮತ್ತೆಗೆ ಇದನ್ನು ಮೊದಲು ಹೇಳು, ಆಮೇಲೆ ಬಿಚ್ಚು.

ನಿನ್ನ ಮೊದಲ ಮಗು ನಮ್ಮ ಮನೆಯಲ್ಲಿ ಬಾಣಂತನದಲ್ಲಿದ್ದಾಗಲೇ ಹೋಯಿತು, ನಿಜ. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿತ್ತು ಎಂದು ತುಮಕೂರಿನ ಡಾಕ್ಟರು ಎಲ್ಲರೆದುರಿಗೂ ಹೇಳಿದರು. ನಿಮ್ಮತ್ತೆಯೂ ಅಲ್ಲೇ ನಿಂತು ಕೇಳಿಸಿಕೊಂಡರು. ಆದರೂ ಈ ಸಲ ನಿಮ್ಮ ತಂದೆಯವರು ನಿನ್ನನ್ನು ಕರೆತರಲು ಕಾರು ಮಾಡಿಕೊಂಡು ಬಂದರೆ, "ಆ ಮನೆ ಕೂಸಿಗೆ ಆಗಿಬರಾಕಿಲ್ಲ, ಬಾಣಂತನ ಇಲ್ಲೇ ಆಗ್ಲಿ ಬುಡಿ ಅಣ್ಣಾ" ಎಂದರಂತೆ ನಿಮ್ಮತ್ತೆ. ನಾನು ಮದುವೆಯಾಗಿ ಬಂದಾಗಿನಿಂದ ಸಾರಿಸಿ ರಂಗೋಲಿ ಇಟ್ಟ ಮನೆ ಅದು. ನೀನೂ ನಿಮ್ಮಣ್ಣನೂ ಅಂಬೆಗಾಲಿಟ್ಟಿದ್ದು ಅಲ್ಲೇ. ನೀನು ಬಾಗಿಲ ಹಿಂದೆಯೇ ನಿಂತಿದ್ದೆಯಂತೆ, ತುಟಿ ಬಿಚ್ಚಲಿಲ್ಲವಂತೆ. ನಿಮ್ಮ ತಂದೆ ಖಾಲಿ ಕಾರಿನಲ್ಲಿ ಬಂದಿಳಿದು, ಕೈಕಾಲು ತೊಳೆದು, ಊಟ ಬೇಡ ಎಂದು ಮಲಗಿದರು.

ಇರಲಿ. ಅಳಿಯಂದಿರು ಕಳಿಸಿದ ಫೋಟೋ ನೋಡಿದೆ. ಮೂರು ತಿಂಗಳೂ ತುಂಬದ ಕೂಸಿನ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಕರಡಿ ಗೊಂಬೆ. ತಲೆಯ ಕೆಳಗೆ ಸಾಸಿವೆ ದಿಂಬು. ಮೂಲೆಯಲ್ಲಿ ಆಗಲೇ ವಾಕರ್. ಎಲ್ಲ ಅಳಿಯಂದಿರ ಸೋಲಾರ್ ಪಾರ್ಕಿನ ಸ್ನೇಹಿತರು ಕೊಟ್ಟದ್ದಂತೆ. ಕೊಟ್ಟವರಿಗೆ ಅಂಗಡಿ ಕಂಡಿದೆ, ಕೂಸು ಕಂಡಿಲ್ಲ.

ನಾನು ಇಲ್ಲಿನ ಮಕ್ಕಳ ಡಾಕ್ಟರ ಹತ್ತಿರ ಟೋಕನ್ ತೆಗೆದುಕೊಂಡು ಕೂತೆ. ಒಳಗೆ ಹೋದರೆ, "ಮಗು ಎಲ್ಲಮ್ಮ?" ಎಂದರು. ಪಾವಗಡದ ಕಡೆ ಇದೆ, ನನ್ನದು ಕೇಳುವುದಷ್ಟೇ ಎಂದೆ. ನಕ್ಕರು, ಆದರೂ ಕೂರಿಸಿ ಹೇಳಿದರು. ಮಲಗಿಸುವಾಗ ದಿಂಬೂ ಬೇಡ, ಗೊಂಬೆಯೂ ಬೇಡ, ಮೂಗಿಗೆ ಅಡ್ಡ ಬಂದರೆ ಉಸಿರು ಕಟ್ಟುತ್ತದೆ. ಅಂಗಾತವೇ ಮಲಗಿಸಬೇಕು. ವಾಕರ್ ಯಾವತ್ತಿಗೂ ಬೇಡ, ಮಕ್ಕಳು ಉರುಳಿ ಬೀಳುತ್ತವೆ, ಅದರಿಂದ ನಡಿಗೆ ಬೇಗ ಬರುವುದೂ ಇಲ್ಲ.

ಚೀಲದಲ್ಲಿ ಒಂದು ಚಾಪೆಯಿದೆ. ಕೂಸು ಎಚ್ಚರವಾಗಿದ್ದಾಗ ಅದರ ಮೇಲೆ ಸ್ವಲ್ಪ ಹೊತ್ತು ಬೋರಲು ಮಲಗಿಸಿ ನೀನು ಎದುರಿಗೇ ಕೂತಿರು, ಕತ್ತು ಗಟ್ಟಿಯಾಗುತ್ತದೆ. ಕಪ್ಪು ಬಿಳುಪು ಚಿತ್ರಗಳ ಬಟ್ಟೆಯ ಪುಸ್ತಕವಿದೆ, ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು ತೋರಿಸು. "ಕೂಸಿಗೆ ಯಾರಾದ್ರೂ ಕರೀದು ತಗತಾರಾ ಅಕ್ಕ, ಕೆಂಪು ಹಳದಿ ಕೊಡ್ತೀನಿ ತಗಳಿ" ಎಂದ ಪೆದ್ದಣ್ಣ. ಕೂಸು ನಿನ್ನದಲ್ಲ, ಸುಮ್ಮನೆ ಕಟ್ಟು ಎಂದೆ. ಗಿಲಕಿಗಳನ್ನೆಲ್ಲ ಅವನ ಕೈಯಲ್ಲೇ ಆಡಿಸಿ ನೋಡಿದೆ. ಒಂದು ಬಹಳ ಕರ್ಕಶ. ಒಂದರ ಬಣ್ಣ ಅವನ ಉಗುರಿಗೇ ಬಂತು. ಇನ್ನೊಂದರ ಮುಚ್ಚಳ ಬಿಚ್ಚಿಕೊಂಡು ಮಣಿಗಳು ಅಂಗಡಿಯೆಲ್ಲ ಉರುಳಿದವು. "ನೀವೇ ಆಡ್ಸಿ ನೋಡಿ, ಬೆಳಿಗ್ಗಿಂದ ಗಿಲಕಿ ಆಡ್ಸಾಕೆ ನಾನೇನು ಕೂಸಾ" ಎಂದು ಗೊಣಗಿದ. ಕಡೆಗೆ ಬಣ್ಣವಿಲ್ಲದ ಮರದ್ದೊಂದು ಸಿಕ್ಕಿತು. ಕಿವಿಗೆ ಹತ್ತಿರ ಆಡಿಸಬೇಡ. ಪಕ್ಕದಿಂದ ಮೆಲ್ಲಗೆ ಆಡಿಸಿ, ಕೂಸು ತಲೆ ತಿರುಗಿಸುತ್ತದೆಯೇ ನೋಡು. ದಾರ ಕಟ್ಟಿ ತೊಟ್ಟಿಲಿಗೆ ತೂಗುಹಾಕಬೇಡ.

ಇನ್ನೊಂದು ಮಾತು. ನೀನು ಕೂಸಿಗೆ ಹಾಲು ಕೊಟ್ಟು ಕೂಡಲೇ ಕೆಳಗಿಳಿಸುತ್ತೀಯಂತೆ, ಎತ್ತಿಕೊಂಡು ಮಾತಾಡಿಸುವುದೇ ಇಲ್ಲವಂತೆ. ಇದರ ಹೃದಯ ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದಾಗಿದೆಯಲ್ಲ. ಹೋದ ಮಗುವಿನ ಭಯವನ್ನು ಇರುವ ಮಗುವಿನ ಮೇಲೆ ಹಾಕುವುದು ಯಾವ ನ್ಯಾಯ? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇಷ್ಟು ಪುಕ್ಕಲಿಯಾಗಬಾರದು.

ನಾಮಕರಣಕ್ಕೆ ನನ್ನ ದಾರಿ ನೋಡಬೇಡ. ಕೇಳಿದವರಿಗೆ, ಆಗಿಬರದ ಮನೆಯವಳು ಬರಲಿಲ್ಲ ಎಂದು ಹೇಳು. ನಿಮ್ಮತ್ತೆಗೂ ಸಮಾಧಾನ.

ಇಂತಿ,
ಸರಸಮ್ಮ

ವಿ.ಸೂ.: ಅಳಿಯಂದಿರು ಈಗಷ್ಟೇ ಬಂದರು. ತವರಿನವರನ್ನು ನಾಮಕರಣಕ್ಕೆ ಕರೆಯಲಿಲ್ಲವೆಂದು ನೀನು ನಿಮ್ಮತ್ತೆಯ ಜೊತೆ ಮಾತು ಬಿಟ್ಟಿದ್ದೀಯಂತೆ. ಕರೆದೆ ಎಂದು ನಿಮ್ಮತ್ತೆ ಹೇಳಿದರೂ ನಂಬುತ್ತಿಲ್ಲವಂತೆ. ನಂಬು. "ಅವತ್ತು ಸಂಕಟದಾಗೆ ಏನೋ ಅಂದ್ಬುಟ್ಟೆ, ನೀವ್ ಬರ್ದಿದ್ರೆ ಹೆಂಗಕ್ಕ" ಎಂದು ನನಗೆ ಫೋನ್ ಮಾಡಿ ಅತ್ತರು. ಉತ್ತರ ಕೊಡದೆ ಫೋನ್ ಇಟ್ಟವಳು ನಾನು. ನಿಮ್ಮ ತಂದೆಗೂ ತಿಳಿಸಲಿಲ್ಲ. ನಮ್ಮ ಹೊಸ್ತಿಲು ದಾಟಿದ್ದು ಬೇಡವೆಂದು ನಿಮ್ಮತ್ತೆ ಯಾವತ್ತೂ ಹೇಳಿದವರಲ್ಲ, ಅದು ನಾನೇ ಹಾಕಿಕೊಂಡ ಕಟ್ಟು. ಮೊದಲ ಕೂಸನ್ನು ಹಗಲೂ ಇರುಳೂ ಎತ್ತಿಕೊಂಡಿದ್ದು ನಾನೇ ಅಲ್ಲವೇ. ಅವರು ಅಂದು ಮರೆತ ಮಾತು ನನ್ನೊಳಗೆ ಕೂತುಬಿಟ್ಟಿದೆ. ಚೀಲದಲ್ಲಿರುವ ಯಾವುದನ್ನೂ ನಾನು ಮುಟ್ಟಿಲ್ಲ, ಧೈರ್ಯವಾಗಿ ಕೊಡು. ಈ ಕಾಗದವನ್ನು ಮಾತ್ರ ಕೂಸಿನ ಹತ್ತಿರ ಇಡಬೇಡ.