ಬುಗ್ಗೆ ತೋಳಿನ ರವಿಕೆ

ಹೊರ್ತಿ, ಮಂಗಳವಾರ

ಅಕ್ಕಾ,

ಹಳೆಯ ಉಡುಪುಗಳ ಕಾಲ ಗುರುತಿಸುವ ನನ್ನ ಕೆಲಸದ ಮೇಲೆ ಇಂದು ಈ ಊರಿನ ಗುಂಡವ್ವನವರ ಟ್ರಂಕಿನ ಮುಂದೆ ಕುಳಿತೆ. ತಮ್ಮನ್ನು ಹೆತ್ತು ತೀರಿಕೊಂಡ ತಾಯಿಯದು ಅದರಲ್ಲಿದ್ದ ಮೂರು ರವಿಕೆಗಳಲ್ಲಿ ಯಾವುದೆಂದು ಎಪ್ಪತ್ತು ದಾಟಿದ ಅವರಿಗೆ ಗೊತ್ತಿರಲಿಲ್ಲ. ಮುಂದೆ ಗಂಟು ಕಟ್ಟುವ ರವಿಕೆ ಇನ್ನೂ ಹಿಂದಿನದು, ನೈಲಾನಿನದು ಈಚಿನದು. ಬುಗ್ಗೆ ತೋಳಿನದು ಮಾತ್ರ ಅವರು ಹುಟ್ಟಿದ ಐವತ್ತರ ದಶಕದ್ದು. ಒಳಗೆ ನೋಡಿದರೆ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಬೇರೆ ನೂಲಿನಲ್ಲಿ ಅಗಲ ಮಾಡಿದ್ದರು. “ಇದೇ ನಿಮ್ಮವ್ವನದು. ಬಸುರಿನಲ್ಲಿ ಸಡಿಲಿಸಿದ್ದು” ಎಂದೆ.

“ಹೊಟ್ಟ್ಯಾಗಿದ್ದಾಗನ ಅವ್ವಗ ಸೂಜಿ ಹಿಡಿಸೇನಲ್ರಿ ನಾ!” ಎಂದು ನಕ್ಕರು. ಆಮೇಲೆ ಅದನ್ನು ಮಡಿಲಿನಿಂದ ಇಳಿಸಲೇ ಇಲ್ಲ.

ರೊಟ್ಟಿ ಒಗ್ಗಿದೆ, ಮಂಡಿನೋವಿಲ್ಲ. ಬಸ್ಸು ಬಂತು. ಅಮ್ಮನ ರವಿಕೆಗಳನ್ನು ನಿನ್ನ ಅಳತೆಗೆ ಬಿಚ್ಚಿಸಬೇಡ. ಅವಳ ಹೊಟ್ಟೆಯಲ್ಲಿ ನಮ್ಮಿಬ್ಬರಲ್ಲಿ ಯಾರು ಹೆಚ್ಚು ಜಾಗ ಹಿಡಿದಿದ್ದರೋ ಹೊಲಿಗೆಯಲ್ಲಿ ನೋಡಬೇಕು.

ವನಜಾ